ಬಾವನ ಬಾಗಿಲಿಗೆ ತಿರುಗಿದ ಪೊರಕೆ

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಿಮಗೆ ಕೊಡಿಸಿದ್ದ ರಿಮೋಟ್ ಕಾರು ಏನಾಯಿತು ಎಂದು ರಜೆಗೆ ಬಂದಾಗಲೆಲ್ಲ ಕೇಳುತ್ತೀರಿ, ಮಕ್ಕಳೇ. ಅದನ್ನು ಬಿಚ್ಚಿದವಳು ನಾನೇ. ಬಿಚ್ಚಿಸಿದ್ದು ನಿಮ್ಮ ದೊಡ್ಡತಾತನ ಕೋಳಿಗಳು.

ನಿಮ್ಮ ತಾತ ಹೋದ ಮೇಲೆ ಅವರ ಅಣ್ಣ, ಅಂದರೆ ನನ್ನ ಬಾವ, ನಮ್ಮ ಹೊಲದ ಮೇಲೆ ಕಣ್ಣಿಟ್ಟಿದ್ದರು. ಮನೆ ಭಾಗವಾಗಿದ್ದರೂ ಅಂಗಳ ಒಂದೇ. ಬಿತ್ತನೆ ತೊಗರಿಗೆ ಹುಳ ಹಿಡಿಯದಂತೆ ಕೆಮ್ಮಣ್ಣು ಕಟ್ಟಿ ನಾನು ಒಣಹಾಕಿದರೆ ಸಾಕು, ಬಾವನ ಹೆಂಡತಿ, ನಾನು ಅಕ್ಕ ಎನ್ನುವವರು, ಕೋಳಿ ಮುಚ್ಚಿದ ಮಂಕರಿ ಎತ್ತಿ ಬಿಡುತ್ತಿದ್ದರು. ಜಗುಲಿಯಲ್ಲಿ ಬಾವ ಕೂತಿರುವಾಗ ನಾನು ಹೂಶ್ ಎಂದು ದನಿ ಎತ್ತುವಂತಿರಲಿಲ್ಲ. ಕಾರು ಬಿಚ್ಚುವ ಹಿಂದಿನ ವರ್ಷ ನನಗೆ ಬೀಜ ಸಾಲದೆ ಹೋದಾಗ, ಬಿತ್ತನೆಯ ಹದ ತಪ್ಪುತ್ತದೆ ಎಂದು ಬಾವನೇ ನಮ್ಮ ಹೊಲ ಉತ್ತುಕೊಂಡರು. ಮರುವರ್ಷವೂ ಬೀಜ ಹೋಗಿದ್ದರೆ ಹೊಲ ಮರಳಿ ಕೈಗೆ ಬರುತ್ತಿರಲಿಲ್ಲ.

ಕೋಳಿ ಬೆದರಿಸಲು ಒಂದು ಉಪಾಯ ಹೂಡಿದೆ. ಮನೆಯಲ್ಲಿದ್ದ ಸೋಲಾರ್ ದೀಪ ಕೆಟ್ಟಿದ್ದರೂ ಅದರ ಪ್ಲೇಟು ಚೆನ್ನಾಗಿತ್ತು. ಬೋರಿನ ವೈರು ಸೇರಿಸುವುದನ್ನು ನಿಮ್ಮ ತಾತ ಮಾಡುವಾಗ ನೋಡಿದ್ದೆ. ಹಾಗೆಯೇ ಪ್ಲೇಟಿನ ವೈರುಗಳನ್ನು ಕಾರಿನ ಮೋಟರಿಗೆ ಹೊಸೆದು ಟೇಪು ಸುತ್ತಿದೆ. ಚಕ್ರಕ್ಕೆ ತೆಂಗಿನ ಪೊರಕೆಯ ಕಡ್ಡಿ ಕಟ್ಟಿ, ಮಗುಚಿದ ಬಕೆಟ್ಟಿನ ಮೇಲೆ ಕಾರನ್ನು ಕೂರಿಸಿ ಕಲ್ಲು ಹೇರಿದೆ. ಮೊದಲು ಧೂಳೆಲ್ಲ ನನ್ನ ಮುಖಕ್ಕೇ ಎರಚಿತು. ವೈರು ಅದಲುಬದಲು ಮಾಡಿದ ಮೇಲೆ ಸರಿಯಾಗಿ ತಿರುಗಿತು. ಕೋಳಿ ಬರುವ ಕಡೆಗೆ ಇಟ್ಟೆ. ಆ ಕಡೆಯೇ ಬಾವನ ಬಾಗಿಲು. ಹಿರಿಯರ ಹೊಸ್ತಿಲಿಗೆ ಪೊರಕೆ ಆಡಿಸುತ್ತಿದ್ದೇನೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

“ಲೇ, ಯಾರಿಗೆ ಪೊರಕೆ ತೋರುಸ್ತಿದ್ದೀಯೇ?” ಅಕ್ಕ ಕೂಗಿಕೊಂಡು ಬಂದರು.

“ಕೋಳಿಗೆ ಕಣಕ್ಕ.”

“ಅಲ್ಲಿ ನಿನ್ನ ಬಾವ ಕುಂತವ್ರೆ, ಕಣ್ಣು ಕಾಣಲ್ವಾ?”

ಬಾವ ನನ್ನನ್ನು ನೋಡದೆ ಜಗುಲಿಯ ಕಂಬಕ್ಕೆ ಹೇಳಿದರು: “ಆ ದರಿದ್ರ ತೆಗೀಲಿ. ಇಲ್ದಿದ್ರೆ ಒದ್ದು ತಿಪ್ಪೆಗಾಕ್ತೀನಿ.”

ಅಷ್ಟರಲ್ಲಿ ಮೋಡ ಅಡ್ಡ ಬಂದು ಪೊರಕೆ ನಿಂತಿತು. “ನೋಡು, ಅದುಕ್ಕೂ ಮರ್ವಾದೆ ಗೊತ್ತು,” ಎಂದು ಅಕ್ಕ ನಕ್ಕರು. ಕೋಳಿಗಳು ತೊಗರಿಗೆ ನುಗ್ಗಿದವು. ಇಬ್ಬರೂ ನೋಡುತ್ತಿದ್ದರೇ ಹೊರತು ತಡೆಯಲಿಲ್ಲ.

ನನ್ನ ಮೈ ಉರಿಯಿತು. ಮದುವೆಯಾಗಿ ಬಂದಂದಿನಿಂದ ಬಾವನ ಎದುರು ಬಾಯಿ ತೆರೆದವಳಲ್ಲ. ನಾನೂ ಕಂಬಕ್ಕೇ ಹೇಳಿದೆ: “ಕೋಳಿ ಮುಚ್ಚಾಕ್ಲಿ. ಮುಚ್ಚಿದ್ ದಿನ ಪೊರಕೆ ತೆಗೀತೀನಿ.”

ಮೋಡ ಸರಿದು ಪೊರಕೆ ಮತ್ತೆ ತಿರುಗಿತು. ಒದೆಯಲು ಎದ್ದು ಬಂದ ಬಾವ ಗೇಣು ದೂರದಲ್ಲೇ ನಿಂತುಬಿಟ್ಟರು. ಕಡ್ಡಿ ಕಾಲಿಗೆ ತಗುಲಿದರೆ ತಮ್ಮನ ಹೆಂಡತಿಯ ಪೊರಕೆಯಲ್ಲಿ ಏಟು ತಿಂದರು ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದಲ್ಲ. ಉಗುಳಿ ಒಳಗೆ ಹೋದರು.

ಮಾರನೆಯ ದಿನ ಕೋಳಿಗಳು ಮಂಕರಿಯ ಕೆಳಗಿದ್ದವು. ಮಾತಿನಂತೆ ನಾನೂ ಕಡ್ಡಿ ಬಿಚ್ಚಿದೆ. ಮಿಕ್ಕ ತೊಗರಿ ಒಣಗಿತು, ಹೊಲದಲ್ಲಿ ನಾನೇ ನಿಂತು ಬಿತ್ತಿಸಿದೆ. ಆ ಮನೆಯವರು ಈಗಲೂ ನನ್ನನ್ನು ಮಾತನಾಡಿಸುವುದಿಲ್ಲ, ನನಗೂ ಬೇಕಿಲ್ಲ.

ನಿಮ್ಮ ಕಾರು ಗೋಡೆಯ ಗೂಡಿನಲ್ಲಿದೆ, ಪಕ್ಕದಲ್ಲೇ ಕಡ್ಡಿಗಳೂ ಇವೆ. ಕೇಳಬೇಡಿ, ಕೊಡುವುದಿಲ್ಲ.