ಲಾಡಸಾಬ ತನ್ನದಲ್ಲವೆಂದ ನಾಯಿ

ಬೆಟಗೇರಿಯಲ್ಲಿ ಗಾದಿ ಹೊಲಿಸುವುದಿದ್ದರೆ ಜನ ಮೊದಲು ಕೇಳುವುದು ಲಾಡಸಾಬನನ್ನೇ. ಪಿಂಜಾರರ ಮನೆತನ. ಅವನ ಅಜ್ಜ ಬಿಲ್ಲು ಹೆಗಲಿಗೇರಿಸಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಊರೂರು ಅಲೆದು ಹತ್ತಿ ಹಿಂಜಿದವನು. ಲಾಡಸಾಬ ತುಂಬಿದ ಗಾದಿ ಎಷ್ಟು ವರ್ಷವಾದರೂ ಗಂಟುಗಟ್ಟುವುದಿಲ್ಲ. ಕೈ ಅಷ್ಟು ಗಟ್ಟಿ, ಎದೆ ಮಾತ್ರ ಪುಕ್ಕಲು. ನಾಲ್ಕು ಮಂದಿ ಏನಂದಾರು ಎಂದು ಹೆದರುವುದರಲ್ಲೇ ಅರ್ಧ ಆಯುಷ್ಯ ಕಳೆದ ಮನುಷ್ಯ. ಎದುರು ಮನೆಯವನಾದ ನಾನೇ ಹೇಳುತ್ತಿದ್ದೇನೆ, ಬೇಕಾದರೆ ಅವನ ಹೆಂಡತಿ ಅಮೀನಬಿಯನ್ನು ಕೇಳಿ.

ಗದಗ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಲಾಡಸಾಬನ ಅಂಗಡಿಯ ಹತ್ತಿ ಚೀಲಗಳ ಸಂದಿಯಲ್ಲಿ ಬೀದಿ ನಾಯಿಯೊಂದು ಮರಿ ಹಾಕಿತ್ತು. ತಾಯಿ ಲಾರಿಗೆ ಸಿಕ್ಕು ಸತ್ತಿತು, ಒಂದು ಮರಿ ಮಾತ್ರ ಉಳಿಯಿತು. ಬಣ್ಣ ಕಪ್ಪು, ಹೆಸರು ಕರ್ಯಾ. ಹತ್ತಿಯೊಳಗೆ ಗೂಡು ಕಟ್ಟುವ ಹೆಗ್ಗಣಗಳಿಗೆ ಅದು ಯಮನಾಯಿತು. ಮೈತುಂಬ ಅರಳೆ ಅಂಟಿಸಿಕೊಂಡು ಹೊರಗೆ ಬಂದರೆ "ಮುದುಕಪ್ಪ ಬಂದ ನೋಡ್ರಿ" ಎಂದು ಓಣಿಯವರು ನಗುತ್ತಿದ್ದರು. ಕೆಲಸ ಮುಗಿದ ಮೇಲೆ ಲಾಡಸಾಬ ಬೀದಿಗೆ ಬೆನ್ನು ಮಾಡಿ ಕೂತು ಆ ಅರಳೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದ. ಆಗ ಅವನು ಅದರೊಡನೆ ಆಡುತ್ತಿದ್ದಷ್ಟು ಮಾತನ್ನು ನಮ್ಮೊಡನೆ ಎಂದೂ ಆಡಲಿಲ್ಲ.

ಗಿರಾಕಿ ಬಂದರೆ ಮಾತ್ರ ಕರ್ಯಾನನ್ನು ಹಿತ್ತಲಿಗೆ ಅಟ್ಟುತ್ತಿದ್ದ. ನಾಯಿ ಹೊರಳಾಡಿದ ಹತ್ತಿಯಲ್ಲಿ ಗಾದಿ ತುಂಬುತ್ತಾನೆಂದು ಸುದ್ದಿಯಾದರೆ ಕಸುಬಿಗೆ ಕಲ್ಲು ಬಿದ್ದಂತೆ ಎಂಬುದು ಅವನ ಅಂಜಿಕೆ.

ಒಂದು ದಿನ ಹುಲಕೋಟಿಯ ರಾಮವ್ವ ಮಗಳ ಮದುವೆಯ ಗಾದಿಗೆಂದು ತಮ್ಮ ಹೊಲದ ಹತ್ತಿಯನ್ನೇ ಹೇರಿಕೊಂಡು ಬಂದಳು. ಬೇರೆಯವರ ಹಳೆಯ ಹತ್ತಿ ಬೆರೆಸದಂತೆ, ತುಂಬುವಾಗ ಎದುರಿಗೆ ಕೂತು ನೋಡುವುದು ನಮ್ಮ ಕಡೆಯ ಹೆಂಗಸರ ಪದ್ಧತಿ. ಆಕೆ ಚಹಾ ಕುಡಿಯುತ್ತ ಕೂತಿದ್ದಾಗಲೇ ಕರ್ಯಾ ಹಿತ್ತಲಿಂದ ನುಸುಳಿ ಬಂದು ಬಾಗಿಲಲ್ಲಿ ಮಲಗಿತು.

"ಲಾಡಸಾಬರ, ಈ ನಾಯಿ ನಿಮ್ದೇನ್ರಿ?"

"ಛೇ ಛೇ, ನಮ್ದಲ್ರಿ ಯವ್ವಾ. ಬೀದಿ ನಾಯಿ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬೀದಿ ನಾಯಿಗಳ ಕಾಟ ಹೆಚ್ಚಾಯಿತೆಂದು ಅವನ್ನು ಹಿಡಿಯುವವರ ಗಾಡಿ ಆ ವಾರವೆಲ್ಲ ಓಣಿ ಓಣಿ ತಿರುಗುತ್ತಿತ್ತು. ಅದೇ ಹೊತ್ತಿಗೆ ಅಂಗಡಿಯ ಮುಂದೆ ಬಂದು ನಿಂತಿತು. ಹಗ್ಗದ ಕುಣಿಕೆ ಹಿಡಿದವನು ಇಳಿದು ಕೇಳಿದ: "ಯಾರ ನಾಯಿರಿ ಇದು? ನಿಮ್ದಿದ್ರ ಹೇಳ್ರಿ, ಬಿಟ್ಟ ಹೋಗ್ತೀವಿ."

ಲಾಡಸಾಬನ ಕೈಯ ದಬ್ಬಣ ಹತ್ತಿಯಲ್ಲೇ ನಿಂತಿತು. ರಾಮವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಈಗತಾನೇ ಅಲ್ಲವೆಂದ ಬಾಯಿಂದ ಹೌದೆನ್ನುವುದು ಹೇಗೆ?

"ನಮ್ದಲ್ಲ."

ಧಣಿಯ ದನಿ ಕೇಳಿ ಕರ್ಯಾ ಬಾಲ ಆಡಿಸಿತು. ಕುಣಿಕೆ ಬಿದ್ದಾಗಲೂ ಗುರ್ ಎನ್ನಲಿಲ್ಲ. ಧಣಿ ಸುಮ್ಮನೆ ಕೂತಿದ್ದಾನೆ, ಅಂದ ಮೇಲೆ ಹೆದರುವಂಥದ್ದೇನೂ ಇಲ್ಲ ಎಂದುಕೊಂಡಿತೋ ಏನೋ.

ಸಂಜೆ ವಿಷಯ ತಿಳಿದು ಅಮೀನಬಿ ಹರಿಹಾಯ್ದಳು. "ಹೂಂ ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು? ಮೊದ್ಲ ಹೋಗಿ ಬಿಡಿಸಿಕೊಂಡ ಬರ್ರಿ!"

ಹಿಡಿದ ನಾಯಿಗಳನ್ನು ಊರಾಚೆಯ ಹಳೆಯ ಕೊಂಡವಾಡದಲ್ಲಿ ಕೂಡುತ್ತಿದ್ದರು. ಹಿಂದೆ ಬೆಳೆಗೆ ನುಗ್ಗಿದ ದನಗಳನ್ನು ಕೂಡುತ್ತಿದ್ದ ಜಾಗ ಅದು. ಸಿದ್ದಲಿಂಗವ್ವ ಎಂಬಾಕೆ ಅಲ್ಲಿ ನಾಯಿಗಳಿಗೆ ರೊಟ್ಟಿ, ನೀರು ನೋಡಿಕೊಳ್ಳುತ್ತಿದ್ದಳು. ಧಣಿ ಬಂದರೆ ನಾಯಿ ಅವನದು, ಸಾಕುತ್ತೇನೆಂದು ಬೇರೆ ಯಾರು ಬಂದರೂ ಅವರದು. ಯಾರೂ ಬಾರದಿದ್ದರೆ ಡಾಕ್ಟರು ಬಂದ ದಿನ ಸಾಯಿಸುವ ಸೂಜಿ. ಆ ಸೂಜಿ ತಪ್ಪಿಸಲು ಸಿದ್ದಲಿಂಗವ್ವ ಸಂತೆಯಲ್ಲಿ ನಿಂತು, "ಒಂದ ಜೀವ ಒಯ್ರೆಪಾ, ಹೊಲ ಕಾಯತೈತಿ" ಎಂದು ಸಿಕ್ಕಸಿಕ್ಕವರನ್ನು ಬೇಡಿಕೊಳ್ಳುತ್ತಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ಲಾಡಸಾಬ ಇವತ್ತು, ನಾಳೆ ಎಂದು ದಿನ ತಳ್ಳಿದ. ಕೊನೆಗೆ ಹೋದಾಗ ಅಲ್ಲಿ ಅಸುಂಡಿಯ ಹಳೇ ಗಿರಾಕಿಯೊಬ್ಬ ಹೊಲಕ್ಕೆ ನಾಯಿ ಆರಿಸುತ್ತ ನಿಂತಿದ್ದ. ಲಾಡಸಾಬನ ದನಿ ಅಲ್ಲೇ ಇಳಿಯಿತು.

"ಕರೇ ನಾಯಿ ಒಂದ ಬಂದಿತ್ತೇನ್ರಿ?"

"ನಿಮ್ದೇನ್ರಿ?" ಎಂದಳು ಸಿದ್ದಲಿಂಗವ್ವ.

"ಅಲ್ರಿ... ನಮ್ಮ ಓಣ್ಯಾಗಿನವರು ಕೇಳಾಕ ಹೇಳಿದ್ರು."

"ಹಂಗಾರ ಅವರನ್ನ ಕಳಸ್ರಿ, ಧಣಿಗಷ್ಟ ಹೇಳೂದು. ಆದ್ರ ತಡಾ ಮಾಡಿದ್ರಿ. ಡಾಕ್ಟರು ನಿನ್ನೀನ ಬಂದ ಹೋಗ್ಯಾರ."

ಗೂಡುಗಳು ಬಹುಪಾಲು ಖಾಲಿ ಇದ್ದವು. ಅವನು ಮುಂದೆ ಕೇಳದೆ ತಿರುಗಿ ಬಂದ. ಅಂದಿನಿಂದ ಅಮೀನಬಿ ರೊಟ್ಟಿಯ ತಾಟು ಮುಂದಿಟ್ಟು ಮುಖ ತಿರುಗಿಸುತ್ತಿದ್ದಳು. ನಮಾಜು ಮುಗಿಸಿ ದುವಾಕ್ಕೆ ಕೈ ಎತ್ತಿದರೆ ಏನು ಬೇಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ನಮಗೂ ಅವನ ಮೇಲೆ ಸಿಟ್ಟಿತ್ತು. ಆದರೆ ಆ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ.

ಮದುವೆ ಹತ್ತಿರವಾದಾಗ ರಾಮವ್ವ ಹೊಲಿಗೆ ಮುಗಿದ ಗಾದಿ ಒಯ್ಯಲು ಟೆಂಪೋ ಮಾಡಿಕೊಂಡು ಬಂದಳು. ಅದರಿಂದ ಕಪ್ಪು ನಾಯಿಯೊಂದು ಹಾರಿತು.

"ಕರ್ಯಾ!" ಲಾಡಸಾಬ ಕೂಗಿಬಿಟ್ಟ. ನಾಯಿ ಬಂದು ಅವನ ತೊಡೆಯೇರಿ ಗಡ್ಡ ನೆಕ್ಕತೊಡಗಿತು.

ರಾಮವ್ವ ಬಾಗಿಲಲ್ಲೇ ನಿಂತಳು. "ಹೆಸರೂ ಐತೇನ್ರಿ ಇದಕ್ಕ?"

ಲಾಡಸಾಬ ತಲೆ ತಗ್ಗಿಸಿದ.

"ಯಾರದೂ ಅಲ್ಲ ಅಂದ್ರಿ. ಖರೆ ಅಂತ ತಿಳಕೊಂಡ ಮರದಿನಾನ ಕೊಂಡವಾಡಕ್ಕ ಹೋಗಿ ಬಿಡಿಸಿಕೊಂಡ ಒಯ್ದೆ. ಬಂದ ಹೊಸದಾಗ ರೊಟ್ಟಿ ಮೂಸಿ ಸೈತ ನೋಡ್ಲಿಲ್ಲ ಇದು. ಯಾರಿಗೆ ಹಂಬಲಿಸತೈತೋ ಅಂತಿದ್ವಿ."

"ನಂದ ರೀ ಯವ್ವಾ. ನನ್ನ ನಾಯಿ. ನೀವು ಗಾದಿ ಬ್ಯಾಡ ಅಂತೀರಂತ..."

"ನಾ ಯಾಕ ಬ್ಯಾಡ ಅನ್ಲಿ? ಚಂದ ಐತೆಲ್ಲ ಅಂತ ಸುಮ್ನ ಕೇಳಿದ್ದೆ."

ಬೈದಿದ್ದರೆ ಅವನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಅಮೀನಬಿ ಒಳಗಿನಿಂದ ಓಡಿಬಂದು, "ಬಿಟ್ಟ ಹೋಗ್ರಿ ಯವ್ವಾ, ನಿಮ್ಮ ಪುಣ್ಯಾ" ಎಂದು ಸೆರಗೊಡ್ಡಿದಳು.

"ಬಿಡತೀನವಾ" ಎಂದ ರಾಮವ್ವ ಲಾಡಸಾಬನ ಕಡೆಗೆ ತಿರುಗಿದಳು. "ನಾಳಿ ಇನ್ನೊಬ್ಬಾಕಿ ಗಿರಾಕಿ ಬಂದ ಕೇಳಿದ್ರ ಏನ್ ಹೇಳತೀರಿ?"

ನನ್ನದೆನ್ನುತ್ತೇನೆ ಎಂದು ಹೇಳಲು ಅವನು ಬಾಯಿ ತೆರೆದ. ಕೊಂಡವಾಡದಲ್ಲಿ ಆಡಿದ ಮಾತು ನೆನಪಾಯಿತು. ತನ್ನ ಬಾಯಿಯ ಮೇಲೆ ತನಗೇ ನಂಬಿಕೆ ಉಳಿದಿರಲಿಲ್ಲ. ಕರ್ಯಾನನ್ನು ಎತ್ತಿಕೊಂಡು ಹೋಗಿ ಟೆಂಪೋದಲ್ಲಿ ತಾನೇ ಕೂರಿಸಿದ. ಹಗ್ಗವನ್ನು ರಾಮವ್ವನ ಕೈಗೆ ಕೊಟ್ಟ. ಅಮೀನಬಿ ಅಳುತ್ತ ಒಳಗೆ ಹೋದಳು.

ಟೆಂಪೋ ಹುಲಕೋಟಿಯ ದಾರಿ ಹಿಡಿಯಿತು. ಓಣಿಯವರೆಲ್ಲ ಕಟ್ಟೆಯ ಮೇಲೆ ನಿಂತಿದ್ದೆವು. ಲಾಡಸಾಬ ನಮ್ಮ ಕಡೆಗೆ ತಿರುಗಿ, "ಅದು ನನ್ನ ನಾಯಿ" ಎಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಯಾರ ನಾಯಿ ಎಂದು ನಾವು ಯಾರೂ ಅವನನ್ನು ಕೇಳಿರಲಿಲ್ಲ.