ಕಲಾಯಿ ಹೋದ ತಪ್ಪಲೆ

ಮೊದಲು ಬೆಲೆ ಹೇಳಿಬಿಡುತ್ತೇನೆ. ಹುಣಿಸೆಹಣ್ಣಿನ ವ್ಯಾಪಾರದಲ್ಲಿ ಬೆಲೆಯನ್ನು ಕೊನೆಗೆ ಹೇಳುವವಳು ನಾನು, ಇಲ್ಲಿ ಮಾತ್ರ ಹಾಗಲ್ಲ. ಆ ಒಂದು ದಿನಕ್ಕೆ ತೆತ್ತದ್ದು ಒಬ್ಬ ತಾಯಿಯ ಕೆಲಸ, ಅವರ ಮಗಳ ಆರೋಗ್ಯ. ಕಾರಣ ಇಷ್ಟೇ: ಒಂದು ತಾಮ್ರದ ತಪ್ಪಲೆಯ ಕಲಾಯಿ ಸವೆದುಹೋಗಿತ್ತು. ತಾಮ್ರದ ಪಾತ್ರೆಯ ಒಳಮೈಗೆ ಕಾಯಿಸಿ ಬಳಿಯುವ ತವರದ ತೆಳ್ಳನೆ ಲೇಪವೇ ಕಲಾಯಿ. ಬೀದಿ ಬೀದಿ ಕೂಗಿಕೊಂಡು ಬರುತ್ತಿದ್ದ ಕಲಾಯಿಯವರು ಎಲ್ಲರ ಮನೆಗೂ ಸ್ಟೀಲ್ ಬಂದ ಮೇಲೆ ಬರುವುದನ್ನೇ ಬಿಟ್ಟಿದ್ದರು.

ನಾವಾಗ ಆಂಧ್ರದ ಗಡಿಯೂರು ಹಿಂದೂಪುರದಲ್ಲಿ ಒಂಬತ್ತನೇ ತರಗತಿ, ಕನ್ನಡ ಮೀಡಿಯಂ. ಹುಡುಗಿಯರೆಲ್ಲ ಒಂದೇ ಕೋಣೆಯಲ್ಲಿ ಕೂತರೂ ಮಧ್ಯಾಹ್ನವಾದರೆ ಬೇರೆ ಬೇರೆ. ಹಣೆಗೆ ವಿಭೂತಿ ಇಟ್ಟು ಬರುವ ಅಂಗಡಿಯವರ ಮನೆ ಹುಡುಗಿಯರು ಕಿಟಕಿಯ ಬಳಿ ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ನೇಕಾರರ ಕೇರಿಯವರಾದ ನಾವು ಶಾಲೆಯ ಊಟದ ತಟ್ಟೆ ಹಿಡಿದು ವರಾಂಡದಲ್ಲಿ. ಜಗಳವೇನೂ ಇರಲಿಲ್ಲ. ಒಬ್ಬರ ಅನ್ನವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ, ಅಷ್ಟೆ.

ಶಾಲೆಯ ಊಟ ಬೇಯಿಸುತ್ತಿದ್ದವರು ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ತಾಯಿ. ಮನೆಯಲ್ಲಿ ಮಗ್ಗ ನಿಂತ ಮೇಲೆ ಅವರ ಸಂಸಾರ ನಡೆಯುತ್ತಿದ್ದದ್ದು ಆ ಕೆಲಸದಿಂದಲೇ. ಕಲ್ಯಾಣದುರ್ಗದಲ್ಲಿ ನಮ್ಮ ಖೋ ಖೋ ಪಂದ್ಯ ಗೊತ್ತಾದಾಗ ಆಕೆಯೇ ಮುಂದೆ ಬಂದು ಹೇಳಿದರು: "ಹಸ್ಕಂಡು ಆಡಕ್ಕಾಯ್ತದೇನ್ರಮ್ಮಾ? ಹುಣ್ಸೇಣ್ಣಿನ ಊರಿಂದ ಹೋಗಿ ಅಲ್ಲಿ ಬನ್ನು ತಿಂತೀರಾ? ಪುಳಿಯೋಗರೆ ನಾನ್ ಮಾಡಿ ಕಳಿಸ್ತೀನಿ."

ಶಾಲೆಯ ಪಾತ್ರೆಗಳನ್ನು ಹೊರಗೆ ಒಯ್ಯುವಂತಿರಲಿಲ್ಲ. ಆಕೆ ತಮ್ಮ ಮದುವೆಗೆ ತಾಯಿ ಕೊಟ್ಟಿದ್ದ ತಾಮ್ರದ ತಪ್ಪಲೆಯನ್ನು ಅಟ್ಟದಿಂದ ಇಳಿಸಿದರು. ಮಕ್ಕಳ ಊಟಕ್ಕೆ ಕೊಳೆ ಪಾತ್ರೆ ಬೇಡವೆಂದು ಹುಣಿಸೆ ಹಚ್ಚಿ ಒಳಗೂ ಹೊರಗೂ ಉಜ್ಜಿ ಬೆಳಗಿದರು. ಗೊಜ್ಜು ಚೆನ್ನಾಗಿ ಹಿಡಿಯಲಿ ಎಂದು ಹಿಂದಿನ ಸಂಜೆಯೇ ಅನ್ನ ಕಲಸಿ ಅದರಲ್ಲಿಟ್ಟು ಬಟ್ಟೆ ಕಟ್ಟಿದರು. ಹುಣಿಸೆ ತಾಗಿದರೆ ತಾಮ್ರ ಹೊಳೆಯುತ್ತದೆ ಎಂಬುದು ನಮ್ಮ ಊರಿನಲ್ಲಿ ಕೂಸಿಗೂ ಗೊತ್ತು. ಬಿಟ್ಟ ಕಿಲುಬು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ.

ಕಲ್ಯಾಣದುರ್ಗ ತಲುಪಿ ಮೊದಲ ಪಂದ್ಯ ಗೆದ್ದೆವು. ನಮ್ಮ ಮೇಷ್ಟ್ರು ಅಲ್ಲಿನ ಮೇಷ್ಟ್ರುಗಳ ಜೊತೆ ಹೋಟೆಲಿಗೆ ಹೋದರು. ನಾವು ಬೇವಿನ ಮರದಡಿ ಕೂತು ಬಟ್ಟೆ ಬಿಚ್ಚಿದೆವು. ಗೆದ್ದ ಖುಷಿಯಲ್ಲಿ ಕಿಟಕಿಯವರೂ ಬಂದು ಕೂತರು. ಅವರ ಮುಂದಾಳು ಹಾರ್ಡ್‌ವೇರ್ ಅಂಗಡಿಯವರ ಮಗಳು. ನಮ್ಮ ಪಾತ್ರೆಯಿಂದ ಅವಳು ಒಂದು ತುತ್ತು ತೆಗೆದುಕೊಂಡದ್ದು ಅದೇ ಮೊದಲು.

"ಕಬ್ಬಿಣ ನೆಕ್ಕಿದಂಗೈತೆ ಕಣೇ," ಎಂದಳು.

"ಅಂಗ್ಡೀಲಿ ಮೊಳೆ ನೆಕ್ಕಿ ನೆಕ್ಕಿ ನಿಂಗೆಲ್ಲಾ ಅಂಗೇ ಅನ್ಸ್ತದೆ," ಎಂದೆ ನಾನು.

ಎಲ್ಲರೂ ನಕ್ಕರು. ಆದರೆ ರುಚಿ ನಮಗೂ ಹಿಡಿಸಲಿಲ್ಲ, ಒಬ್ಬೊಬ್ಬರಾಗಿ ಎಲೆ ಮಡಿಚಿದೆವು. ನನ್ನ ಗೆಳತಿ ಮಾತ್ರ ನಗಲಿಲ್ಲ. "ನಮ್ಮಮ್ಮ ಸೌದೆ ಹೊಗೇಲಿ ಕೂತು ಮಾಡವ್ಳೆ. ನೀವ್ ತಿನ್ನದಿದ್ರೆ ಬುಡಿ, ನಾನ್ ತಿಂತೀನಿ," ಎಂದು ತಪ್ಪಲೆಯನ್ನು ಮಡಿಲಿಗೆ ಎಳೆದುಕೊಂಡಳು. ತಳದಲ್ಲಿ ಅಂಟಿದ್ದ ಗೊಜ್ಜನ್ನೂ ಬಿಡದೆ ಬಳಿದು ತಿಂದಳು. ಬಳಿದ ಮೇಲೆ ತಳ ಕಂಡಿತು. ಬೆಳ್ಳಗಿರಬೇಕಾದದ್ದು ಕೆಂಪಗಿತ್ತು, ಅಂಚಿನಲ್ಲಿ ಹಸಿರು ಕಟ್ಟಿತ್ತು.

ಎರಡನೇ ಪಂದ್ಯಕ್ಕೆ ಸೀಟಿ ಊದುವ ಮೊದಲೇ ನಮಗೆಲ್ಲ ವಾಂತಿ. ಎದುರು ತಂಡದವರು "ಭಯಂತೋ ಕಕ್ಕುತಾಂಡಾರೇ!" ಎಂದು ತೆಲುಗಿನಲ್ಲಿ ಗೇಲಿ ಮಾಡಿದರು, ಭಯಕ್ಕೆ ಕಾರಿಕೊಳ್ಳುತ್ತಿದ್ದಾರಂತೆ. ನಮ್ಮದು ಸ್ವಲ್ಪ ಹೊತ್ತಿಗೆ ನಿಂತಿತು. ಅವಳದು ನಿಲ್ಲಲಿಲ್ಲ. ಹಸಿರು ನೀರು ಬರತೊಡಗಿತು. ಹೊಟ್ಟೆ ಹಿಡಿದು ಮಣ್ಣಿನಲ್ಲಿ ಮುದುಡಿ ಬಿದ್ದಳು. ಗೇಲಿ ಮಾಡಿದವರೇ ಓಡಿ ಆಟೋ ತಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದಿರಿ ಎಂದರು. ಓಡಿಬಂದಿದ್ದ ಮೇಷ್ಟ್ರು ಪುಳಿಯೋಗರೆ ಎಂದರು. ಅದು ಎರಡು ದಿನ ಇಟ್ಟರೂ ಕೆಡದ ಅನ್ನ. ಮೈದಾನದ ಪಕ್ಕದಲ್ಲೇ ಕಡಲೆಕಾಯಿ ಹೊಲ. ಡಾಕ್ಟರ ಅನುಮಾನ ಅತ್ತ ಹೋಯಿತು. "ಮಂದು ಕೊಟ್ಟಿನ ಚೇನು ದಗ್ಗರ ನೀಳ್ಳು ತಾಗಿನಾರಾಮ್ಮಾ?" ಔಷಧಿ ಹೊಡೆದ ಹೊಲದ ಹತ್ತಿರ ನೀರು ಕುಡಿದಿರಾ ಎಂದು. ಕುಡಿದಿದ್ದೆವು. ಹೂಂ ಎಂದೆವು. ಆ ವಿಷಕ್ಕೇ ಮದ್ದು ಕೊಡುವ ಸಿದ್ಧತೆ ನಡೆಯಿತು.

ಗೆಳತಿ ನನ್ನ ಕೈ ಹಿಡಿದು ಹತ್ತಿರ ಎಳೆದಳು. ಉಸಿರಿನಲ್ಲೂ ತಾಮ್ರದ ವಾಸನೆ. "ತಪ್ಪಲೆ ಸುದ್ದಿ ಎತ್ಬೇಡ ಕಣೇ. ಅಮ್ಮನ್ ಕೆಲ್ಸ ಹೋಯ್ತದೆ."

ಹಸಿರು ಕಟ್ಟಿದ್ದ ತಳ ನೆನಪಾಯಿತು. ಹೊರಗೆ ಬಂದು ಹುಡುಗಿಯರಿಗೆ ಹೇಳಿದೆ. ಹೇಳದಿದ್ದರೆ ಇವಳು ಹೋಗುತ್ತಾಳೆ, ಹೇಳಿದರೆ ಆ ಮನೆಯ ಅನ್ನ ಹೋಗುತ್ತದೆ. ಆಗ ಹಾರ್ಡ್‌ವೇರ್ ಅಂಗಡಿಯವರ ಮಗಳು ಬಾಯಿ ಒರೆಸಿಕೊಂಡು, "ತಪ್ಪಲೆ ನಮ್ಮನೇದು ಅಂದ್ಬುಡ್ತೀನಿ. ನಮ್ಮಪ್ಪ ಬೈತಾನೆ, ಬೈಲಿ. ನಮ್ಗ್ಯಾವ ಕೆಲ್ಸ ಹೋಯ್ತದೆ?" ಎಂದಳು. ಅವಳ ಹಿಂದೆ ನಿಂತಿದ್ದವಳು, "ಕಲ್ಸಿದ್ದು ನಾವೆಲ್ಲಾ ಸೇರಿ ಅಂತ ಹೇಳಾನ," ಎಂದಳು. ಇವರ ಡಬ್ಬಿಯಲ್ಲಿ ಏನಿರುತ್ತದೆ ಎಂದೂ ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ನಾನು ಮೇಷ್ಟ್ರ ಬಳಿ ಹೋದೆ. "ಸಾರ್, ಒಂದು ವಿಷ್ಯ ಹೇಳ್ತೀವಿ. ಅದ್ಕೆ ಮೊದ್ಲು ನೀವು ಮಾತು ಕೊಡ್ಬೇಕು. ಇವಳಮ್ಮನ ಕೆಲ್ಸಕ್ಕೆ ಏನೂ ಆಗ್ಬಾರ್ದು."

"ಇದು ಚೌಕಾಸಿ ಮಾಡೋ ಹೊತ್ತೇನಮ್ಮಾ?"

"ಅದ್ಕೇ ಬೇಗ ಕೊಡಿ, ಸಾರ್."

ಅವರು ಒಳಗೊಮ್ಮೆ ನೋಡಿ, ಆಯಿತು ಎಂದು ನನ್ನ ಕೈ ಮುಟ್ಟಿದರು. ನನ್ನ ಜೀವನದ ಮೊದಲ ವ್ಯಾಪಾರ ಅದು. ತಪ್ಪಲೆಯನ್ನು ತಂದು ಡಾಕ್ಟರ ಮೇಜಿನ ಮೇಲಿಟ್ಟೆವು. ಅವರು ಒಳಗೆ ಬೆರಳಾಡಿಸಿ, ಹಸಿರು ಹತ್ತಿದ ಬೆರಳನ್ನು ಬೆಳಕಿಗೆ ಹಿಡಿದರು. ಮೊದಲು ಯೋಚಿಸಿದ್ದ ಮದ್ದನ್ನು ಪಕ್ಕಕ್ಕೆ ಸರಿಸಿ, ಗ್ಲೂಕೋಸ್ ಹಚ್ಚಿಸಿ, ಅನಂತಪುರದ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್ ಕರೆಸಿದರು. ಮೇಷ್ಟ್ರು ಅವಳ ಜೊತೆ ಹೋದರು. ಎದುರು ತಂಡದ ಟೀಚರೊಬ್ಬರು ನಮ್ಮನ್ನು ಹಿಂದೂಪುರದ ಬಸ್ಸಿಗೆ ಹತ್ತಿಸಿ ತಾವೂ ಜೊತೆಗೆ ಬಂದರು. ಬಸ್ಸಿನಲ್ಲಿ ಕಿಟಕಿಯವರು, ವರಾಂಡದವರು ಎಂದು ಯಾರೂ ನೋಡಲಿಲ್ಲ. ಒಬ್ಬರ ಭುಜದ ಮೇಲೆ ಒಬ್ಬರು ಒರಗಿದ್ದೆವು. ತಪ್ಪಲೆಯನ್ನು ಸರದಿಯ ಮೇಲೆ ಮಡಿಲಲ್ಲಿ ಇಟ್ಟುಕೊಂಡೆವು.

ಜೀವ ಉಳಿಯಿತು. ಮೂತ್ರಪಿಂಡ ಮೊದಲಿನಂತಾಗಲಿಲ್ಲ. ಆ ವರ್ಷ ಅವಳು ಶಾಲೆಗೆ ಬರಲೇ ಇಲ್ಲ. ಶಾಲೆಗೆ ಬಂದ ಅಧಿಕಾರಿಗಳ ವಿಚಾರಣೆಯಲ್ಲಿ ಹಾರ್ಡ್‌ವೇರ್ ಅಂಗಡಿಯವರ ಮಗಳು ತಪ್ಪಲೆ ನಮ್ಮದು ಎಂದು ಅಳುಕದೆ ಹೇಳಿದಳು. ಪಾತ್ರೆಯ ಕಂಠದಲ್ಲಿ ಗೆಳತಿಯ ಅಜ್ಜಿಯ ಹೆಸರು ಕೆತ್ತಿತ್ತು, ಅದನ್ನು ನಾವ್ಯಾರೂ ಗಮನಿಸಿರಲಿಲ್ಲ. ಆ ತಾಯಿಗೆ ನಾಳೆಯಿಂದ ಬರಬೇಡಿ ಎಂದರು. ಮೇಷ್ಟ್ರನ್ನು ಕೇಳಿದೆ. "ನಾನ್ ಹೇಳ್ದೆ ಕಣಮ್ಮ. ನನ್ ಕೈಲೇನೈತೆ?" ಎಂದು ತಲೆ ತಗ್ಗಿಸಿದರು. ಸುಳ್ಳಾಡಲಿಲ್ಲ ಅವರು. ಅವರ ಕೈಯಲ್ಲಿ ನಿಜಕ್ಕೂ ಏನೂ ಇರಲಿಲ್ಲ.

ಆಮೇಲೆ ಅವರ ಡಬ್ಬಿ, ನಮ್ಮ ತಟ್ಟೆ ಒಂದೇ ಕಡೆ ಸೇರಿದವು. ಮರುವರ್ಷ ಗೆಳತಿ ನಮಗಿಂತ ಒಂದು ತರಗತಿ ಹಿಂದೆ ಬಂದು ಕೂತಾಗ, ಮಧ್ಯಾಹ್ನ ನಾವೆಲ್ಲ ಅವಳ ಕೋಣೆಗೇ ಹೋಗುತ್ತಿದ್ದೆವು. ಅವಳಿಗೆಂದು ಉಪ್ಪು ಕಡಿಮೆ ಹಾಕಿದ ಅನ್ನವನ್ನು ಅಂಗಡಿಯವರ ಮನೆಯಿಂದಲೇ ತರುತ್ತಿದ್ದರು. ಅವಳ ತಾಯಿ ಮಾತ್ರ ಇಂದಿಗೂ ಬೇರೆಯವರ ಮಕ್ಕಳಿಗೆ ಒಂದು ಲೋಟ ನೀರನ್ನೂ ಕೈಯಾರೆ ಕೊಡುವುದಿಲ್ಲ. ನನ್ನ ಹುಣಿಸೆ ಮಂಡಿಯಲ್ಲಿ ಬೀಜ ತೆಗೆಯುವ ಹೆಂಗಸರ ಜೊತೆ ಕೂರುತ್ತಾರೆ. ಕೆಲಸ ಮುಗಿದರೆ ಕೈಯನ್ನು ಎಷ್ಟು ಹೊತ್ತು ತೊಳೆಯುತ್ತಾರೆ ಎಂದರೆ ನನಗೆ ನೋಡಲಾಗುವುದಿಲ್ಲ.

ಆದ್ದರಿಂದ ಕೇಳಿ. ಅಟ್ಟದ ತಾಮ್ರ, ಹಿತ್ತಾಳೆ ಇಳಿಸಿದರೆ ಹೊರಗಿನ ಹೊಳಪಿಗೆ ಮರುಳಾಗಬೇಡಿ, ಒಳಗೆ ಬೆಳಕು ಬಿಟ್ಟು ನೋಡಿ. ಕೆಂಪು ಕಂಡರೆ ಹುಳಿ ಹಾಕಬೇಡಿ, ಮಜ್ಜಿಗೆಯನ್ನೂ ಹಾಕಬೇಡಿ. ಕಲಾಯಿಯವರು ಸಿಗಲಿಲ್ಲವೋ, ಸ್ಟೀಲಿನಲ್ಲಿ ಕಲಸಿ. ಬಾಯಿಗೆ ಲೋಹದ ರುಚಿ ಬಂದರೆ ಯಾರ ಮನಸ್ಸು ನೋಯುತ್ತದೆ ಎಂದು ನೋಡದೆ ಉಗಿಯಿರಿ, ತಿನ್ನುತ್ತಿರುವವರ ಕೈಯಿಂದಲೂ ಕಿತ್ತುಕೊಳ್ಳಿ. ಡಾಕ್ಟರಿಗೆ ತಿಂದದ್ದನ್ನಷ್ಟೇ ಅಲ್ಲ, ಯಾವ ಪಾತ್ರೆಯಲ್ಲಿ ಇತ್ತು ಎಂಬುದನ್ನೂ ಕೇಳುವ ಮೊದಲೇ ಹೇಳಿ. ಇನ್ನು, ಯಾರ ಹತ್ತಿರವಾದರೂ ಮಾತು ತೆಗೆದುಕೊಳ್ಳುವಾಗ ಅವರು ಒಳ್ಳೆಯವರೇ ಎಂದು ನೋಡಿದರೆ ಸಾಲದು. ಕೊಟ್ಟ ಮಾತನ್ನು ನಡೆಸುವ ಅಧಿಕಾರ ಅವರಿಗೆ ಇದೆಯೇ ಎಂದು ಮೊದಲು ಕೇಳಿ.