ಹಿಂದಕ್ಕೆ ಎರಡು ಹೆಜ್ಜೆ

ಇತ್ತೀಚೆಗೆ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತೇನೆ. ಶಿವಮೊಗ್ಗದ ಬೀದಿಗಳಲ್ಲಿ ಇದರಿಂದ ನನ್ನ ಗೌರವ ಸ್ವಲ್ಪ ಹೆಚ್ಚಿದೆ. ಮೇಷ್ಟ್ರು ಗಂಭೀರವಾಗಿದ್ದಾರೆ, ಏನೋ ದೊಡ್ಡ ಗ್ರಂಥ ಬರೆಯುತ್ತಿರಬೇಕು ಎಂದು ಪೇಟೆಯ ಅಂಗಡಿಯವರು ಮಾತಾಡಿಕೊಳ್ಳುತ್ತಾರಂತೆ. ನಿಜ ಸಂಗತಿ ಅಷ್ಟು ಘನವಾದದ್ದಲ್ಲ. ತಿರುಗುವ ವಸ್ತು ಯಾವುದು ಕಂಡರೂ ನನ್ನ ಕೈಗಳು ನನ್ನನ್ನು ಕೇಳದೆಯೇ ಹಿಂದೆ ಹೋಗಿ ಅಡಗಿಕೊಳ್ಳುತ್ತವೆ. ದರ್ಜಿಯ ಹೊಲಿಗೆ ಯಂತ್ರ, ಸೈಕಲ್ಲಿನ ಚೈನು, ಬಾವಿಯ ರಾಟೆ, ಯಾವುದಾದರೂ ಸರಿ. ಮೊನ್ನೆ ನನ್ನ ಹೆಂಡತಿ ರಾಗಿ ಬೀಸುತ್ತಿದ್ದಾಗ ಕಲ್ಲಿನಿಂದ ನಾಲ್ಕು ಮಾರು ದೂರ ನಿಂತು ಮಾತಾಡಿಸಿದೆ. "ಇದು ಬೀಸೋ ಕಲ್ಲು ಮಾರಾಯ್ರೆ, ಹುಲಿಯಲ್ಲ. ಹತ್ರ ಬಂದೇ ಮಾತಾಡಬಹುದು" ಎಂದಳು. ನಾನು ನಕ್ಕೆ. ಕೈಗಳು ಮಾತ್ರ ನಗಲಿಲ್ಲ.

ಮೂರು ತಿಂಗಳ ಹಿಂದೆ ಇವು ಹೀಗಿರಲಿಲ್ಲ. ಆಗ ಇವಕ್ಕೆ ಎಲ್ಲವನ್ನೂ ಮುಟ್ಟುವ ಚಪಲವಿತ್ತು, ಮುಟ್ಟಿಸುವ ಚಪಲ ಅದಕ್ಕಿಂತ ಹೆಚ್ಚಾಗಿತ್ತು.

ನಾನು ಮೈಸೂರಿನಲ್ಲಿ ಓದಿ ಬಿ.ಎಸ್ಸಿ. ಎನಿಸಿಕೊಂಡು ಬಂದವನು. ಹಲ್ಲಿನ ಚಕ್ರಗಳು ಪರೀಕ್ಷೆಯಲ್ಲಿ ಬಂದಿದ್ದವು. ದುಂಡಗೆ ಚಿತ್ರ ಬರೆದು, ಒಂದಕ್ಕೆ ಬಲಬಾಣ, ಇನ್ನೊಂದಕ್ಕೆ ಎಡಬಾಣ ಹಾಕಿ ಒಳ್ಳೆಯ ಅಂಕಗಳನ್ನೇ ತೆಗೆದುಕೊಂಡಿದ್ದೆ. ಒಂದು ಹಲ್ಲಿನ ಚಕ್ರವನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಆ ವಿದ್ಯೆಯನ್ನು ಹೊತ್ತುಕೊಂಡು ನಮ್ಮೂರಿನ ಚಿಕ್ಕ ಶಾಲೆಯಲ್ಲಿ ಮೂರನೆಯ ಇಯತ್ತೆಯ ಹನ್ನೆರಡು ಮಕ್ಕಳ ಮುಂದೆ ನಿಂತೆ.

ಶುರುಮಾಡಿದವಳು ಗೌರಿ. ಆಲ್ಕೊಳದ ಆಚೆ ಕಬ್ಬು ಬೆಳೆಯುವ ಹನುಮೇಗೌಡರ ಮಗಳು, ಒಂಬತ್ತು ವರ್ಷದವಳು. ನನ್ನ ಜೇಬುಗಡಿಯಾರವನ್ನು ಕಿವಿಗೆ ಹಿಡಿದು, "ಇದರೊಳಗೆ ಯಾರು ಓಡ್ತಾರೆ ಮೇಷ್ಟ್ರೇ?" ಎಂದಳು. ನಾನು ಉತ್ಸಾಹದಿಂದ ಬೋರ್ಡಿನ ಮೇಲೆ ಚಕ್ರ ಬರೆದೆ, ಬಾಣ ಬರೆದೆ. ಮಕ್ಕಳು ಮರ್ಯಾದೆಯಿಂದ ನೋಡಿದರು. ಕೊನೆಗೆ ಗೌರಿ, "ಅದು ತಿರುಗೋದೇ ಇಲ್ವಲ್ಲ" ಎಂದಳು. ಮೈಸೂರಿನಲ್ಲಿ ಯಾರೂ ಈ ಆಕ್ಷೇಪಣೆ ಎತ್ತಿರಲಿಲ್ಲ.

ಆದ್ದರಿಂದ ತಿರುಗುವಂಥದ್ದನ್ನು ಮಾಡಲು ಹೊರಟೆವು. ಮೊದಲು ಸಿಹಿಗುಂಬಳದ ಎರಡು ಬಿಲ್ಲೆ ಕೊಯ್ದು, ಅಂಚಿನ ಸುತ್ತ ಪೊರಕೆಕಡ್ಡಿ ಚುಚ್ಚಿದೆವು. ಎರಡು ದಿನ ಬಹಳ ಚೆನ್ನಾಗಿ ತಿರುಗಿತು. ಮೂರನೆಯ ದಿನ ವಾಸನೆ ಬಂತು. ನಾಲ್ಕನೆಯ ದಿನ ಪಕ್ಕದ ಮನೆಯ ಹಸು ಬೇಲಿ ದಾಟಿ ಬಂದು ಅರ್ಧ ಯಂತ್ರಶಾಸ್ತ್ರವನ್ನು ತಿಂದುಕೊಂಡು ಹೋಯಿತು. ಆಮೇಲೆ ಹಾಲವಾಣದ ಮೆತ್ತಗಿನ ಮರದಿಂದ ಮೊರದಷ್ಟು ಅಗಲದ ಮೂರು ಚಕ್ರ ಕೊಯ್ದೆ. ಬಿದಿರಿನ ಗೂಟಗಳೇ ಹಲ್ಲುಗಳು. ಮೂರನ್ನೂ ಅಂಗಳದಲ್ಲಿ ಸಾಲಾಗಿ ಮಲಗಿಸಿ, ನಡುವಿನದಕ್ಕೆ ಒಂದು ಉದ್ದನೆಯ ಗಳು ಕಟ್ಟಿದೆ. ಇಬ್ಬರು ಮಕ್ಕಳು ಎತ್ತಾಗಿ ಆ ಗಳುವನ್ನು ತಳ್ಳಿಕೊಂಡು ಸುತ್ತು ಬರಬೇಕು. ನಡುವಿನ ಚಕ್ರ ಬಲಕ್ಕೆ ತಿರುಗಿದರೆ ಆಚೀಚಿನವು ಎಡಕ್ಕೆ. ಮಕ್ಕಳಿಗೆ ಇದು ಅರ್ಧ ಗಂಟೆಯಲ್ಲಿ ಅರ್ಥವಾಯಿತು. ನನಗೆ ಅರ್ಥವಾಗಲು ಹಿಂದೆ ಒಂದು ವರ್ಷ ಹಿಡಿದಿತ್ತು.

ಒಂದು ದೋಷವಿತ್ತು. ವೃತ್ತವನ್ನು ಸಮನಾಗಿ ಭಾಗ ಮಾಡುವುದು ಕಾಗದದ ಮೇಲೆ ನನಗೆ ನೀರು ಕುಡಿದಷ್ಟು ಸುಲಭ. ಮರದ ಮೇಲೆ ನನ್ನ ಬೈರಿಗೆ ತನಗೆ ತೋಚಿದ ಕಡೆ ತೂತು ಕೊರೆಯಿತು. ಹಲ್ಲುಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ವಿರಳವಾಗಿ ನಿಂತವು. ಹೀಗಾಗಿ ಪ್ರತಿ ಸುತ್ತಿನಲ್ಲೂ ಒಂದು ಜಾಗದಲ್ಲಿ ಕಟಕ್ ಎಂದು ಸಿಕ್ಕಿಕೊಳ್ಳುತ್ತಿತ್ತು. ಮುಂದೆ ತಳ್ಳಿದರೆ ಗೂಟ ಮುರಿಯುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಎರಡೇ ದಿನದಲ್ಲಿ ಮಕ್ಕಳಿಗೆ ಇದು ಆಟವಾಯಿತು. ಕಟಕ್ ಎಂದ ಕೂಡಲೇ ಹನ್ನೆರಡು ಬಾಯಿಗಳೂ "ಹಿಂದೇ" ಎನ್ನುತ್ತಿದ್ದವು. ಎತ್ತುಗಳು ಹಿಂದಕ್ಕೆ ಎರಡು ಹೆಜ್ಜೆ ಇಡುತ್ತಿದ್ದವು. ಶಾಲೆ ನೋಡಲು ಬಂದ ಇನ್ಸ್‌ಪೆಕ್ಟರ್ ಸಾಹೇಬರು ಬಗ್ಗಿ ನೋಡುತ್ತಿದ್ದಾಗಲೂ ಅದು ಸಿಕ್ಕಿಕೊಂಡಿತು. ಮಕ್ಕಳು "ಹಿಂದೇ" ಎಂದರು. ಪೇಟ ಸರಿಮಾಡಿಕೊಳ್ಳುತ್ತ ಸಾಹೇಬರೂ ಎರಡು ಹೆಜ್ಜೆ ಹಿಂದೆ ಸರಿದರು. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

ನನಗೆ ಹೆಮ್ಮೆಯಿದ್ದದ್ದು ಬೇರೊಂದು ವಿಷಯದಲ್ಲಿ. ಆಟ ಶುರುಮಾಡುವ ಮುಂಚೆ ಪ್ರತಿಯೊಬ್ಬರೂ ಚಕ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ನಾನೇ ನಿಯಮ ಮಾಡಿದ್ದೆ. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುತ್ತೇವೆ, ತಕ್ಕಡಿಗೆ ಮಾಡುತ್ತೇವೆ, ನೇಗಿಲಿಗೆ ಮಾಡುತ್ತೇವೆ. ಈ ಬಡ ಹಾಲವಾಣ ಏನು ತಪ್ಪು ಮಾಡಿತ್ತು? ಯಾರೋ ಅದಕ್ಕೆ ಕುಂಕುಮವನ್ನೂ ಇಟ್ಟರು. ಕಾಲೇಜಿನಲ್ಲಿ ಇಂಥದಕ್ಕೆಲ್ಲ ನಗುತ್ತಿದ್ದವನಿಗೆ ಆ ಕುಂಕುಮ ಬಹಳ ಹಿಡಿಸಿತು.

ಒಮ್ಮೊಮ್ಮೆ ಮಧ್ಯಾಹ್ನ ಮಕ್ಕಳು ಮನೆಗೆ ಊಟಕ್ಕೆ ಹೋದಾಗ ಅಂಗಳದಲ್ಲಿ ಒಬ್ಬನೇ ಕುಳಿತು ಆ ಮೂರು ಚಕ್ರಗಳನ್ನು ನೋಡುತ್ತಿದ್ದೆ. ನಮ್ಮ ಚಕ್ರಗಳೆಲ್ಲ ಒಂಟಿ ಎನ್ನಿಸುತ್ತಿತ್ತು. ಕುಂಬಾರನ ಚಕ್ರ ತನ್ನಷ್ಟಕ್ಕೆ ಕನಸು ಕಾಣುತ್ತಾ ಸುತ್ತುತ್ತದೆ. ಗಾಡಿಯ ಚಕ್ರಗಳು ಜೋಡಿಯಾದರೂ ಜನ್ಮದಲ್ಲಿ ಒಂದನ್ನೊಂದು ಮುಟ್ಟುವುದಿಲ್ಲ. ವಿಷ್ಣುವಿನ ಚಕ್ರಕ್ಕೆ ಹಲ್ಲುಂಟೆಂದು ಚಿತ್ರಗಳಲ್ಲಿ ಬರೆಯುತ್ತಾರೆ, ಆದರೆ ಅದರ ಹಲ್ಲಿಗೆ ಹಲ್ಲು ಕೊಡುವ ಇನ್ನೊಂದು ಚಕ್ರ ಇಡೀ ವೈಕುಂಠದಲ್ಲಿಲ್ಲ. ಹತ್ತಿ ಬಿಡಿಸುವ ಹಳೆಯ ಮರದ ರಾಟೆಯಲ್ಲಿ ಮಾತ್ರ ಯಾವನೋ ಹೆಸರಿಲ್ಲದ ಬಡಗಿ ಎರಡು ದಿಂಡುಗಳನ್ನು ಒಂದರೊಳಗೊಂದು ಕಚ್ಚಿಸಿ ಇಟ್ಟಿದ್ದಾನೆ. ಒಂದು ಇನ್ನೊಂದರ ಕೈ ಹಿಡಿದು, ಅದನ್ನು ತನಗೆ ಎದುರಾಗಿ ತಿರುಗಿಸುವುದು ಎಷ್ಟು ಸೊಗಸಾದ ಸಂಸಾರ ಎಂದುಕೊಳ್ಳುತ್ತಿದ್ದೆ. ಕೈ ಹಿಡಿಯುವುದು ಎಂದರೆ ಏನೆಂದು ಆಗ ತಿಳಿದಿರಲಿಲ್ಲ.

ಕಬ್ಬಿನ ಕಾಲ ಬಂತು. ಹನುಮೇಗೌಡರ ಆಲೆಮನೆಯಲ್ಲಿ ಕಬ್ಬಿಣದ ಗಾಣವಿತ್ತು. ನೆಟ್ಟಗೆ ನಿಂತ ಮೂರು ಉರುಳೆಗಳು, ಅವುಗಳ ತಲೆಯ ಮೇಲೆ ಮೂರು ಹಲ್ಲಿನ ಚಕ್ರಗಳು, ನಡುವಿನದಕ್ಕೆ ಎತ್ತು ಎಳೆಯುವ ಉದ್ದನೆಯ ತೊಲೆ. ನಮ್ಮ ಅಂಗಳದ ಯಂತ್ರದ ಅಣ್ಣನೇ ಸರಿ. ಮೊದಲ ದಿನದ ಪೂಜೆಗೆ ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ಗೌಡರು ಹೇಳಿ ಕಳಿಸಿದರು. ಬೆಳಿಗ್ಗೆ ಹನ್ನೆರಡು ಜನರನ್ನೂ ನಡೆಸಿಕೊಂಡು ಹೋದೆ. ಗಾಣಕ್ಕೆ ಚೆಂಡುಹೂವಿನ ಹಾರ ಹಾಕಿದ್ದರು. ಎಲ್ಲರೂ ಸಾಲಾಗಿ ಹೋಗಿ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು. ಗೌರಿ ಅಲ್ಲಿರಲಿಲ್ಲ. ಅದು ಅವಳ ಮನೆ. ನಮಗೆಲ್ಲ ಕುಡಿಯಲು ಲೋಟ ತರಲು ಒಳಗೆ ಓಡಿದ್ದಳು.

ಎತ್ತು ಹೊಡೆಯುವ ತಿಮ್ಮಣ್ಣ "ಹೋಯ್" ಎಂದ. ಗಾಣ ತಿರುಗತೊಡಗಿತು. ಎಷ್ಟು ನಿಧಾನ ಅಂದರೆ, ನೋಡುತ್ತಾ ನಿಂತರೆ ನಿದ್ದೆ ಬರಬೇಕು. ಚೆಂಡುಹೂವಿನ ಎಸಳೊಂದು ಹಲ್ಲುಗಳ ನಡುವೆ ಹೋಗಿ ಆ ಕಡೆಯಿಂದ ಕಾಗದದಂತೆ ಚಪ್ಪಟೆಯಾಗಿ ಹೊರಬಂತು. ನಾನು ಅದನ್ನು ನೋಡಿದೆ. ನೋಡಿಯೂ, "ನಡುವಿನದು ಯಾವ ಕಡೆ ತಿರುಗ್ತಿದೆ ಹೇಳಿ" ಎಂದು ಪಾಠ ಮುಂದುವರಿಸಿದೆ.

ಆಗ ಗೌರಿ ಬಂದಳು. ಲೋಟಗಳನ್ನು ಕೆಳಗಿಟ್ಟಳು. ತಾನೊಬ್ಬಳೇ ನಮಸ್ಕಾರ ಮಾಡಿಲ್ಲವೆಂದು ಹೊಳೆಯಿತೇನೋ, ಕಬ್ಬಿನ ಕಂತೆಯ ಮೇಲೆ ಹತ್ತಿ ನಿಂತು, ದೇವಸ್ಥಾನದ ಆನೆಯನ್ನು ಮುಟ್ಟುವ ಹಾಗೆ, ತಿರುಗುತ್ತಿದ್ದ ಚಕ್ರದ ಕಡೆಗೆ ಬಲಗೈ ಚಾಚಿದಳು.

ಈ ಜಾಗಕ್ಕೆ ಬಂದಾಗ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ದಿನಕ್ಕೆ ಎಷ್ಟು ಸಲ ಎಂದು ಲೆಕ್ಕವಿಟ್ಟಿಲ್ಲ. ಆ ಕೈ ಚಾಚಿದ್ದನ್ನು ನಾನು ಕಂಡೆ, ಕಂಡಾಗ ಮನಸ್ಸಿಗೆ ಬಂದ ಮೊದಲ ಮಾತು, 'ಒಳ್ಳೆಯ ಹುಡುಗಿ, ಮರೆತಿಲ್ಲ' ಎಂಬುದು. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಆಮೇಲೆ ಅವಳ ಕೂಗು ಕೇಳಿಸಿತು. ತಿಮ್ಮಣ್ಣ ಎತ್ತುಗಳ ಮೂಗುದಾರ ಜಗ್ಗಿ ನಿಲ್ಲಿಸಿದ. ಗಾಣ ನಿಂತಿತು, ಹಲ್ಲುಗಳು ಬೆರಳುಗಳನ್ನು ಬಿಡಲಿಲ್ಲ. ಕೊಪ್ಪರಿಗೆಯ ಒಲೆಯ ಹತ್ತಿರವಿದ್ದ ಗೌಡರು ಓಡಿಬಂದು ಮಗಳನ್ನು ಎತ್ತಿ ಹಿಡಿದರು. ಎಳೆದರೆ ಏನಾಗುತ್ತದೋ ಎಂದು ಎಳೆಯಲಾರದೆ ನಿಂತರು. ನಾನು ಬಾಯಿ ತೆರೆದೆ. ಬಲಬಾಣ, ಎಡಬಾಣ ಎಲ್ಲ ತಲೆಯಲ್ಲಿ ಸುತ್ತುತ್ತಿದ್ದವು. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಹನ್ನೊಂದು ಬಾಯಿಗಳು, ಶಾಲೆಯ ಅಂಗಳದಲ್ಲಿ ಹೇಳುವ ಅದೇ ರಾಗದಲ್ಲಿ, "ಹಿಂದೇ" ಎಂದವು. ಯಾರಿಗೂ ಕಾಯದೆ ಓಡಿಹೋಗಿ ತೊಲೆಯ ತುದಿ ಹಿಡಿದರು. ತಿಮ್ಮಣ್ಣ ಎತ್ತುಗಳನ್ನು ಹಿಂದೆ ಒತ್ತಿದ, ಮಕ್ಕಳು ತೊಲೆಯನ್ನು ತಳ್ಳಿದರು. ಒಂದು ಹೆಜ್ಜೆ. ಎರಡು ಹೆಜ್ಜೆ. ಚಕ್ರ ಗೌರಿಯ ಕೈಯನ್ನು ಬಿಟ್ಟುಕೊಟ್ಟಿತು.

ಆಸ್ಪತ್ರೆಯಲ್ಲಿ ಡಾಕ್ಟರು ಎರಡು ಬೆರಳಿಗೆ ಕಟ್ಟು ಹಾಕಿ, ಒಂದರ ಉಗುರು ಹೋಯಿತು, ಇನ್ನೊಂದು ಸ್ವಲ್ಪ ಸೊಟ್ಟಗಾಗಬಹುದು, ಕೈ ಉಳಿಯಿತು ಎಂದರು. ಗೌಡರು ನನ್ನನ್ನು ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಒಳ್ಳೆಯದಿತ್ತು. ಅವರು ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು, "ನಮ್ಮಪ್ಪನೂ ಮುಟ್ಟಿ ಕಣ್ಣಿಗೊತ್ಕೊಂಡ, ನಾನೂ ಒತ್ಕೊಂಡೆ. ನಿಂತಾಗ ಮಾತ್ರ ಅಂತ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ ಮೇಷ್ಟ್ರೇ. ಗೊತ್ತಿರುತ್ತೆ ಅಂದ್ಕೊಂಡ್ವಿ" ಎಂದರು. ಎದ್ದು ನಿಂತು, "ಅವಳಮ್ಮ ಇನ್ನು ಶಾಲೆಗೆ ಕಳಿಸಲ್ಲ ಅಂತಾಳೆ. ನಾನು ಏನೂ ಹೇಳಲಾರೆ" ಎಂದರು.

ಗೌರಿಯ ಜಾಗ ಖಾಲಿಯಾಯಿತು. ಹಾಲವಾಣದ ಚಕ್ರಗಳನ್ನು ಅಟ್ಟಕ್ಕೆ ಹಾಕಿದೆ. ರಾತ್ರಿ ಕಣ್ಣು ಮುಚ್ಚಿದರೆ ಚೆಂಡುಹೂವು ಹಲ್ಲುಗಳ ನಡುವೆ ಹೋಗುತ್ತಿತ್ತು, ಸದ್ದಿಲ್ಲದೆ, ಮತ್ತೆ ಮತ್ತೆ. ನನ್ನ ಚಕ್ರಗಳ ಸೊಟ್ಟ ಕೆಲಸವೇ ಇದಕ್ಕೆಲ್ಲ ಕಾರಣವೆಂದು ಹೇಗೋ ತಲೆಯಲ್ಲಿ ಕೂತುಬಿಟ್ಟಿತು. ದೋಷವಿಲ್ಲದ ಚಕ್ರಗಳನ್ನು ಮಾಡಿಸಬೇಕೆಂದು, ಅಟ್ಟದಿಂದ ಎರಡು ಚಕ್ರ ಇಳಿಸಿ ಕಟ್ಟಿಕೊಂಡು, ರೈಲು ಹತ್ತಿ ಭದ್ರಾವತಿಗೆ ಹೋದೆ. ಅಲ್ಲಿ ಕಬ್ಬಿಣ ಎರಕ ಹೊಯ್ಯುವುದಕ್ಕೆ ಮರದ ಮಾದರಿ ಮಾಡುವ ಮಾಣಿಕ್ಕಂ ಎಂಬ ತಮಿಳು ಬಡಗಿಯ ಪರಿಚಯವಿತ್ತು. ಅವನು ನನ್ನ ಚಕ್ರವನ್ನು ತಿರುಗಿಸಿ ನೋಡಿ, "ಏನ್ ಸಾಮಿ, ಏಳು ವರ್ಷದ ಮಗು ಬಾಯಿ ಇದ್ದಂಗೆ ಇದೆ. ಹಲ್ಲು ಇರೋ ಕಡೆ ಇದೆ, ಇಲ್ಲದ ಕಡೆ ಇಲ್ಲ" ಎಂದ. ನಾನು ಎಲ್ಲವನ್ನೂ ಹೇಳಿದೆ. ಅವನ ನಗು ನಿಂತಿತು.

ಅವನು ಎರಡು ಚಕ್ರಗಳನ್ನು ಹಲ್ಲಿಗೆ ಹಲ್ಲು ಸೇರಿಸಿ ತಿರುಗಿಸುತ್ತ, ಒಂದು ಹುಲ್ಲುಕಡ್ಡಿ ತೆಗೆದುಕೊಂಡು ಅವು ಸೇರುವ ಕಡೆ ಹಿಡಿದ. ಈ ಬದಿಯಲ್ಲಿ ಕಡ್ಡಿ ಒಳಗೆ ಹೋಯಿತು. ಆ ಬದಿಯಲ್ಲಿ ಹಿಡಿದರೆ ಹೊರಗೆ ದೂಡಿತು. "ಒಂದು ಕಡೆ ನುಂಗುತ್ತೆ, ಒಂದು ಕಡೆ ಉಗುಳುತ್ತೆ. ನನ್ನ ಹತ್ರ ಕೆಲಸಕ್ಕೆ ಬಂದ ಹುಡುಗಂಗೆ ಮೊದಲನೇ ದಿನ ಇದು. ಬಲ ಎಡ ಎಲ್ಲ ಆಮೇಲೆ" ಎಂದ. ಆಮೇಲೆ ಚಕ್ರವನ್ನು ಹಿಂದೆ ತಿರುಗಿಸಿದ. ನುಂಗುತ್ತಿದ್ದ ಬದಿಯೇ ಈಗ ಕಡ್ಡಿಯನ್ನು ಹೊರಗೆ ಹಾಕಿತು. "ನಿಮ್ಮ ಮಕ್ಕಳು ಮಾಡಿದ್ದು ಇದೇ ತಾನೇ. ಯಾರು ಹೇಳಿಕೊಟ್ಟಿದ್ದು ಸಾಮಿ?" ಎಂದ. ಯಾರೂ ಹೇಳಿಕೊಟ್ಟಿಲ್ಲ ಎಂದೆ. ನಿಜವೇ ಅದು. ಆ ಪಾಠವನ್ನು ನನ್ನ ಬೈರಿಗೆ ಮಾಡಿತ್ತು.

ಹೊಸ ಚಕ್ರಗಳು ಬಂದವು, ತೇಗದವು, ಗಾಜಿನಂತೆ ನುಣುಪು. ಅದೇ ವಾರ ಒಂದು ಮಧ್ಯಾಹ್ನ ಗೌರಿ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಅವಳ ತಾಯಿ. "ಮನೇಲಿ ಕೂತ್ಕೊಳ್ಳಲ್ಲ, ಗಾಣದ ಹತ್ರಾನೇ ಹೋಗ್ತಾಳೆ ಮಾರಾಯ್ತಿ. ಅದಕ್ಕಿಂತ ಇಲ್ಲೇ ವಾಸಿ" ಎಂದು, ನನ್ನ ಕಡೆ ನೋಡದೆ, ಗೌರಿಯನ್ನು ಒಳಗೆ ಬಿಟ್ಟು ಬಾಗಿಲ ಬಳಿಯೇ ಕುಳಿತರು.

ಹುಲ್ಲುಕಡ್ಡಿಯ ಪಾಠ ಮಾಡಿದೆ. ಪ್ರತಿಯೊಬ್ಬರೂ ನುಂಗುವ ಬಾಯಿ ಯಾವ ಕಡೆ ಎಂದು ತೋರಿಸಿದ ಮೇಲೆ, ಚಕ್ರ ನಿಂತಿರುವಾಗ, ಮುಟ್ಟಿ ಕಣ್ಣಿಗೊತ್ತಿಕೊಂಡರು. ಗೌರಿ ಸೊಟ್ಟ ಬೆರಳಿನ ಕೈಯಿಂದಲೇ ಮುಟ್ಟಿದಳು. ಆಮೇಲೆ ಇಬ್ಬರು ಗಳು ತಳ್ಳಿದರು. ಮಾಣಿಕ್ಕಂನ ಚಕ್ರಗಳು ಬೆಣ್ಣೆಯಲ್ಲಿ ಜಾರಿದಂತೆ ಸುತ್ತಿದವು. ಒಂದು ಸುತ್ತು, ಮೂರು ಸುತ್ತು, ಹತ್ತು ಸುತ್ತು. ಮಕ್ಕಳು ಏನನ್ನೋ ಕಾಯುತ್ತಿದ್ದರು. ಒಬ್ಬ ಆಕಳಿಸಿದ.

"ಇದು ಸಿಕ್ಕಿಕೊಳ್ಳೋದೇ ಇಲ್ವಲ್ಲ ಮೇಷ್ಟ್ರೇ" ಎಂದಳು ಗೌರಿ. "ಹಿಂದೆ ಹೋಗೋದು ಯಾವಾಗ?"

ನಾನು ಅಟ್ಟ ಹತ್ತಿದೆ. ಮಾಣಿಕ್ಕಂ ನನ್ನನ್ನು ಕ್ಷಮಿಸಲಿ. ಹಾಲವಾಣದ ಚಕ್ರಗಳನ್ನು ಇಳಿಸಿ, ಧೂಳು ಒರೆಸಿ, ಅಂಗಳದಲ್ಲಿ ಮಲಗಿಸಿದೆ. ಗೌರಿಯ ಜೊತೆ ಎತ್ತಾಗಲು ಒಬ್ಬರು ಬೇಕಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಬಾಗಿಲ ಬಳಿಯಿಂದ ಅವಳ ತಾಯಿಯೂ ನೋಡುತ್ತಿದ್ದರು. ಬೆನ್ನ ಹಿಂದಿದ್ದ ಕೈಗಳನ್ನು ಒಂದೊಂದಾಗಿ ಮುಂದೆ ತಂದು ಗಳುವಿನ ಮೇಲಿಟ್ಟೆ. ಅರ್ಧ ಸುತ್ತು ಬಂದೆವು. ಕಟಕ್ ಎಂದಿತು. ಆಚೆ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಇಡೀ ಮೂರನೆಯ ಇಯತ್ತೆ ಕೂಗಿತು, ಬಿ.ಎಸ್ಸಿ. ಮಾಡಿದ ಎತ್ತು, ಹೇಳಿದ ಹಾಗೆ ಕೇಳಿ, ಹಿಂದಕ್ಕೆ ಎರಡು ಹೆಜ್ಜೆ ಇಟ್ಟಿತು.